ರೀಚಾರ್ಜ್ ಮಾಡುವ ಮುನ್ನ

ರಾಯಚೂರು

ಚಿರಂಜೀವಿ ಸವಿತಾಳಿಗೆ,

ನೀನೂ ಅಳಿಯಂದಿರೂ ಬೆಂಗಳೂರಿನ ಹೊಸ ಮನೆಯಲ್ಲಿ ನೆಲೆಯಾದಿರೆಂದು ತಿಳಿದು ಸಂತೋಷವಾಯಿತು. ನಿಮ್ಮಮ್ಮ ಫೋನಿನಲ್ಲಿ ಹೇಳಿದ ಒಂದು ಸಂಗತಿ ಮಾತ್ರ ಮನಸ್ಸಿನಲ್ಲೇ ಉಳಿದಿದೆ. ಡಿಶ್‌ಗೆ ತಿಂಗಳಿಗೆ 450 ರೂಪಾಯಿಯಂತೆ, ಅದರ ಮೇಲೆ ಎರಡು ಓಟಿಟಿ ಚಂದಾ ಬೇರೆ. ಡಿಶ್ ಒಂದಕ್ಕೇ ವರ್ಷಕ್ಕೆ 5,400 ಆಯಿತು. ಮನೆ ಸಾಲದ ಕಂತು ಕಟ್ಟುವವರಿಗೆ ಇದು ಸಣ್ಣ ಮೊತ್ತವಲ್ಲವ್ವಾ.

ಟಿವಿ ಬೇಡವೆನ್ನುವವನಲ್ಲ ನಾನು. 1975ರ ಆಗಸ್ಟಿನಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತಲುಪಿಸುವ ‘ಸೈಟ್’ ಪ್ರಯೋಗ ಶುರುವಾದಾಗ ನಮ್ಮ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೂ ಟಿವಿ ಬಂತು. ತಂತಿ ಜಾಲರಿಯ ಹತ್ತಡಿ ಡಿಶ್ಶು, ಅಮೆರಿಕದ ಉಪಗ್ರಹ, ಸಂಜೆಯಾದರೆ ಟಿವಿ ಮುಂದೆ ಊರಿಗೆ ಊರೇ. ನೋಡುವವರು ಒಂದು ಕಾಸೂ ಕೊಡಬೇಕಿರಲಿಲ್ಲ.

ಹಾಗೆ ಪುಕ್ಕಟೆ ನೋಡುವ ದಾರಿ ಇಂದಿಗೂ ಇದೆ. ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್ 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಿಂದ ಶುರುವಾದದ್ದು. ಡಿಶ್ಶೂ ಬಾಕ್ಸೂ ಸೇರಿ ಸುಮಾರು ಎರಡು ಸಾವಿರ ರೂಪಾಯಿ ಒಮ್ಮೆ ಹಾಕಿದರೆ ಆಯಿತು, ತಿಂಗಳ ಹಣವೇ ಇಲ್ಲ. ಖಾಸಗಿ ವಾಹಿನಿಗಳು ಅದರಲ್ಲಿ ಜಾಗವನ್ನು ಹರಾಜಿನಲ್ಲಿ ಹಿಡಿಯುತ್ತವೆ, ಹಾಗಾಗಿ ಹೊರೆ ನಮ್ಮ ಮೇಲೆ ಬೀಳುವುದಿಲ್ಲ. ದೂರದರ್ಶನದ ಕನ್ನಡ ವಾಹಿನಿ ಚಂದನ ಅದರಲ್ಲಿ ಬರುತ್ತದೆ. ಅಳಿಯಂದಿರಿಗೆ ಕ್ರಿಕೆಟ್ ಎಂದರೆ ಪ್ರಾಣವಲ್ಲವೇ? 2007ರ ಕಾಯ್ದೆಯ ಪ್ರಕಾರ ಭಾರತ ತಂಡ ಆಡುವ ಏಕದಿನ, ಟಿ20 ಪಂದ್ಯಗಳನ್ನು ಖಾಸಗಿಯವರು ದೂರದರ್ಶನದೊಂದಿಗೆ ಹಂಚಿಕೊಳ್ಳಲೇಬೇಕು. 2017ರಲ್ಲಿ ಸುಪ್ರೀಂ ಕೋರ್ಟ್, ಆ ನೇರಪ್ರಸಾರ ದೂರದರ್ಶನದ ಸ್ವಂತ ಜಾಲದಲ್ಲಿ ಮತ್ತು ಫ್ರೀ ಡಿಶ್‌ನಲ್ಲಿ ಮಾತ್ರ ಎಂದಿತು. ದುಡ್ಡು ಕೊಟ್ಟ ಡಿಶ್‌ನ ದೂರದರ್ಶನದಲ್ಲಿ ಕಾಣದ ಪಂದ್ಯ ಪುಕ್ಕಟೆ ಡಿಶ್‌ನಲ್ಲಿ ಕಾಣುತ್ತದೆ! ಐಪಿಎಲ್‌ಗೆ ಇದು ಅನ್ವಯಿಸುವುದಿಲ್ಲ, ಅದನ್ನೂ ಹೇಳಿಬಿಡು. ಬೆಂಗಳೂರಿನಲ್ಲಿ ಈ ಡಿಶ್ ಆಗ್ನೇಯಕ್ಕೆ ಮುಖ ಮಾಡಬೇಕು. ನಿಮ್ಮ ಬಾಲ್ಕನಿಯಿಂದ ಆ ಕಡೆಯ ಆಕಾಶ ಕಾಣುತ್ತದೆಯೋ ಇಲ್ಲವೋ ಮೊದಲು ನೋಡಿಕೋ.

ನಿಮ್ಮತ್ತೆಯವರಿಗೆ ಧಾರಾವಾಹಿ ಬೇಕೇಬೇಕು, ಬಲ್ಲೆ. ಜನಪ್ರಿಯ ಕನ್ನಡ ಧಾರಾವಾಹಿ ವಾಹಿನಿಗಳೆಲ್ಲ ಫ್ರೀ ಡಿಶ್‌ನಲ್ಲಿ ಸಿಗುವುದಿಲ್ಲ. ವಯಸ್ಸಾದವರ ಸಂಜೆಯ ಸಂತೋಷ ಕಿತ್ತುಕೊಂಡು ಉಳಿತಾಯ ಮಾಡುವುದು ಬೇಡ. ಹಾಗಿದ್ದರೆ ಈಗಿನ ಸಂಪರ್ಕವೇ ಇರಲಿ, ದೊಡ್ಡ ಪ್ಯಾಕ್ ತೆಗೆಸು. 2019ರಿಂದ ಜಾರಿಯಲ್ಲಿರುವ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಬೇಕಾದ ವಾಹಿನಿಯನ್ನಷ್ಟೇ ಬಿಡಿಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು ನಿನಗಿದೆ. ನೆಟ್‌ವರ್ಕ್ ಶುಲ್ಕದ ಜೊತೆ ಅತ್ತೆಯವರು ನೋಡುವ ಎರಡು ಮೂರು ವಾಹಿನಿಗಳ ಬೆಲೆ ಸೇರಿಸಿದರೂ 450ರ ಹತ್ತಿರ ಹೋಗದು. ಕಂಪನಿಯವರು ಫೋನಿನಲ್ಲಿ ಪ್ಯಾಕನ್ನೇ ಹೊಗಳುತ್ತಾರೆ. ಬಿಡಿ ವಾಹಿನಿಯೇ ಬೇಕೆಂದು ಗಟ್ಟಿಯಾಗಿ ಹೇಳು.

ಓಟಿಟಿ ಎರಡೂ ಒಟ್ಟಿಗೆ ಬೇಡ. ಒಂದು ತಿಂಗಳು ಒಂದು, ಅದು ಮುಗಿದ ಮೇಲೆ ಇನ್ನೊಂದು. ತಾನಾಗಿ ಹಣ ಕಡಿತವಾಗುವುದನ್ನು ಮಾತ್ರ ನಿಲ್ಲಿಸಿರು. ನಿಮ್ಮ ಮೊಬೈಲ್ ಪ್ಲಾನಿನಲ್ಲೇ ಯಾವುದಾದರೂ ಸೇರಿದೆಯೋ ನೋಡು. ಕದ್ದ ಲಿಂಕುಗಳ ಕಡೆ ಹೋಗಬೇಡಿ.

ಹೀಗೆ ಉಳಿದ ಹಣವನ್ನು ಅಂಚೆ ಕಚೇರಿಯ ಐದು ವರ್ಷದ ಆರ್‌ಡಿಗೆ ಹಾಕು, ತಿಂಗಳಿಗೆ 100 ರೂಪಾಯಿಯಿಂದಲೂ ಕಟ್ಟಬಹುದು. ಮುಂದಿನ ರೀಚಾರ್ಜ್‌ಗೆ ಮೊದಲು ಒಂದು ವಾರ ಮನೆಯಲ್ಲಿ ಯಾರು ಏನೇನು ನೋಡಿದಿರೆಂದು ಬರೆದಿಟ್ಟು, ಆ ಪಟ್ಟಿ ನನಗೆ ಕಳಿಸವ್ವಾ. ಕೂತು ಲೆಕ್ಕ ಹಾಕೋಣ.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ