ಬೈಕ್ ಬ್ಯಾಟರಿ: ಬದಲಿಸುವ ಮೊದಲು ಅಳೆದು ನೋಡಿ

ಪ್ರಶ್ನೆ: ಮಳೆಗಾಲದಲ್ಲಿ ಬೈಕ್ ವಾರಗಟ್ಟಲೆ ಮನೆಯಲ್ಲೇ ನಿಂತಿರುತ್ತದೆ. ಆಮೇಲೆ ಸೆಲ್ಫ್ ಹಿಡಿಯುವುದಿಲ್ಲ. ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಕೇ?
– ಓದುಗರು, ಸಾಗರ

ಉತ್ತರ: ಸಾಲದು. ಸೆಲ್ಫ್ ಹೊಡೆದಾಗ ಖರ್ಚಾದ ಚಾರ್ಜು ಐಡ್ಲಿಂಗ್‌ನಲ್ಲಿ ಅಷ್ಟು ಬೇಗ ತುಂಬುವುದಿಲ್ಲ. 2017ರ ಏಪ್ರಿಲ್‌ನಿಂದ ಬಂದ ಹೊಸ ಗಾಡಿಗಳಲ್ಲಂತೂ ಎಂಜಿನ್ ಓಡುವಾಗೆಲ್ಲ ಹೆಡ್‌ಲೈಟೂ ಉರಿಯುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ. ಅದಾಗದಿದ್ದರೆ ನೆಗೆಟಿವ್ ವೈರ್ ಬಿಚ್ಚಿಡಿ; ಗಡಿಯಾರ, ಅಲಾರಂಗಳು ಸದ್ದಿಲ್ಲದೆ ಕರೆಂಟು ಎಳೆಯುವುದು ನಿಲ್ಲುತ್ತದೆ. ತಿಂಗಳಿಗೊಮ್ಮೆ ಬೈಕಿನ ಚಾರ್ಜರ್ ಹಾಕಿ. ಬ್ಯಾಟರಿಯ ಎಎಚ್‌ನ (ಆಂಪಿಯರ್-ಅವರ್) ಹತ್ತನೇ ಒಂದು ಭಾಗದಷ್ಟು ಕರೆಂಟು ಸಾಕು: 5 ಎಎಚ್ ಬ್ಯಾಟರಿಗೆ ಅರ್ಧ ಆಂಪಿಯರ್. ಕಾರಿನ ದೊಡ್ಡ ಚಾರ್ಜರ್ ಬೇಡ. ಚಾರ್ಜ್ ಇಳಿದ ಸ್ಥಿತಿಯಲ್ಲೇ ಬಿಟ್ಟರೆ ಒಳಗಿನ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಬ್ಯಾಟರಿ ಮೊದಲಿನಂತೆ ಹಿಡಿಯುವುದಿಲ್ಲ.

ಪ್ರಶ್ನೆ: ಹೊಸ ಬ್ಯಾಟರಿ ಹಾಕಿಸಿ ವರ್ಷವಾಗಿಲ್ಲ, ಮತ್ತೆ ವೀಕ್ ಆಗಿದೆ. ಇನ್ನೊಂದು ಕೊಳ್ಳಬೇಕೇ?
– ಓದುಗರು, ಹುಬ್ಬಳ್ಳಿ

ಉತ್ತರ: ಮೊದಲು ಮಲ್ಟಿಮೀಟರಿನಲ್ಲಿ ಅಳೆಯಿರಿ. ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ಸುಮ್ಮನಿದ್ದ 12 ವೋಲ್ಟ್ ಬ್ಯಾಟರಿ 12.6ರಿಂದ 12.8 ತೋರಿಸಬೇಕು. ಎಂಜಿನ್ ಶುರು ಮಾಡಿ ಆಕ್ಸಿಲರೇಟರ್ ಸ್ವಲ್ಪ ಏರಿಸಿದಾಗ ಅದು ಸುಮಾರು 13.5ರಿಂದ 14.5ಕ್ಕೆ ಏರಬೇಕು. ಏರದಿದ್ದರೆ ಚಾರ್ಜಿಂಗ್ ಕಾಯಿಲ್, ರೆಗ್ಯುಲೇಟರ್ ಅಥವಾ ವೈರಿಂಗ್ ಪರೀಕ್ಷೆ ಮಾಡಿಸಿ. 15 ದಾಟಿದರೆ ರೆಗ್ಯುಲೇಟರ್ ಕೈಕೊಟ್ಟಿದೆ; ಬ್ಯಾಟರಿ ಬೇಯುತ್ತಿದೆ ಎಂದೇ ಅರ್ಥ. ಈ ದೋಷ ಉಳಿದರೆ ಎಷ್ಟು ಹೊಸ ಬ್ಯಾಟರಿ ಹಾಕಿಸಿದರೂ ಅದೇ ಗತಿ. ಚಾರ್ಜಿಂಗ್ ಸರಿಯಿದ್ದು, ಪೂರ್ತಿ ತುಂಬಿದ ಬ್ಯಾಟರಿ ಸೆಲ್ಫ್ ಒತ್ತಿದಾಗ 9 ವೋಲ್ಟಿಗಿಂತ ಕೆಳಕ್ಕೆ ಕುಸಿದರೆ ಮಾತ್ರ ಬ್ಯಾಟರಿಯೇ ಹೋಗಿದೆ ಎನ್ನಬಹುದು. ಆಗ ವಾರಂಟಿ ಕಾರ್ಡ್ ಹಿಡಿದು ಕೊಂಡ ಅಂಗಡಿಗೇ ಹೋಗಿ.

ಪ್ರಶ್ನೆ: ಬ್ಯಾಟರಿಯನ್ನು ನಾನೇ ಬದಲಿಸಬಹುದೇ? ಹಳೆಯದನ್ನು ಏನು ಮಾಡಲಿ?
– ಓದುಗರು, ಮೈಸೂರು

ಉತ್ತರ: ಧಾರಾಳವಾಗಿ ಬದಲಿಸಿ. ಕೊಳ್ಳುವಾಗ ಎಎಚ್, ಅಳತೆ, ಟರ್ಮಿನಲ್ ಯಾವ ಕಡೆಗಿದೆ ಎಂಬುದು ಹಳೆಯದಕ್ಕೆ ಹೊಂದುತ್ತದೆಯೇ ನೋಡಿ. ತಯಾರಾದ ತಿಂಗಳನ್ನೂ ಓದಿ. ಇಗ್ನಿಷನ್ ಆಫ್ ಮಾಡಿ, ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಿ. ಹೊಸದಕ್ಕೆ ಮೊದಲು ಪಾಸಿಟಿವ್, ಕೊನೆಗೆ ನೆಗೆಟಿವ್. ಈ ಕ್ರಮ ತಪ್ಪಿ, ಪಾಸಿಟಿವ್ ಬಿಚ್ಚುವ ಸ್ಪ್ಯಾನರ್ ಚಾಸಿಗೆ ತಾಗಿದರೆ ಶಾರ್ಟ್ ಆಗಿ ಕಿಡಿ ಹಾರುತ್ತದೆ. ಟರ್ಮಿನಲ್‌ಗೆ ತೆಳುವಾಗಿ ವ್ಯಾಸಲಿನ್ ಸವರಿದರೆ ಕಿಲುಬು ಹಿಡಿಯುವುದಿಲ್ಲ.

ಹಳೆಯದನ್ನು ಹೊಸದು ಕೊಂಡ ಅಂಗಡಿಗೇ ಕೊಡಿ. ಸಾಮಾನ್ಯವಾಗಿ ಬೆಲೆಯಲ್ಲಿ ಕಡಿತವೂ ಸಿಗುತ್ತದೆ. ಹಳೆಯ ಬ್ಯಾಟರಿ ಮರಳಿ ಪಡೆದು ಮರುಬಳಕೆಗೆ ಕಳಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಒಡೆದು ಸೀಸ ತೆಗೆಯುವವರ ಕೈಗೆ ಮಾತ್ರ ಕೊಡಬೇಡಿ. ಅವರು ಚೆಲ್ಲಿದ ಆಮ್ಲ, ಸೀಸ ಮಣ್ಣಿಗೂ ನೀರಿಗೂ ಸೇರುತ್ತವೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕೆಡಿಸುತ್ತದೆ.