ಎದೆಬಡಿತದ ಲಯ ತಪ್ಪಿದವರು ತೂಕವನ್ನೂ ನೋಡಿಕೊಳ್ಳಬೇಕು



ಹೊಂಬಳದ ಕಡೆ ಈಗ ಯಾವ ಸಂಘದ ಸಭೆಗೆ ಹೋದರೂ ಬಿ.ಪಿ., ಶುಗರ್ ಮಾತು ಬಂದೇ ಬರುತ್ತದೆ. ಆದರೆ ಯಾರಾದರೂ “ಎದಿ ಒಮ್ಮೊಮ್ಮೆ ಡವಡವ ಬಡೀತೈತ್ರಿ, ನಡುವ ಒಂದೆರಡು ತಪ್ಪಿದಂಗ ಆಗತೈತಿ” ಅಂದರೆ, “ಬಿಸಲಾಗ ದಣದೀರಿ ಬಿಡ್ರಿ, ಒಂದ್ ತಂಬಗಿ ನೀರ್ ಕುಡೀರಿ” ಎಂದು ಸುಮ್ಮನಾಗುತ್ತೇವೆ. ಈ ಸಲದ ಪಾಠ ಅಂಥ ಎದೆಬಡಿತದ ಬಗ್ಗೆ. ಅದರ ಜೊತೆಗೆ, ಅಂಥವರ ತೂಕದ ಬಗ್ಗೆ. ಈ ಎರಡಕ್ಕೂ ಏನು ಸಂಬಂಧ ಎಂದು ನಿಮಗೆ ಅನಿಸಬಹುದು. ಸಂಬಂಧ ಬಹಳ ಇದೆ.

ನಮ್ಮ ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ಮೇಲಿನ ಎರಡು ಕೋಣೆಗಳು ಹಿಂಡಿದಾಗ ರಕ್ತ ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ, ಅಲ್ಲಿಂದ ಮೈಗೆಲ್ಲ ಹರಿಯುತ್ತದೆ. ಇದು ಬೀಸುಕಲ್ಲಿನ ಸಪ್ಪಳದ ಹಾಗೆ ಒಂದೇ ಲಯದಲ್ಲಿ ನಡೆಯಬೇಕು. ಕೆಲವರಲ್ಲಿ ಮೇಲಿನ ಕೋಣೆಗಳು ಹಿಂಡುವುದನ್ನು ಬಿಟ್ಟು ಬರೀ ನಡುಗುತ್ತಿರುತ್ತವೆ. ಆಗ ನಾಡಿ ಎತ್ತಿಂದೆತ್ತ ಬಡಿಯುತ್ತದೆ. ಡಾಕ್ಟರು ಇದಕ್ಕೆ ಏಟ್ರಿಯಲ್ ಫಿಬ್ರಿಲೇಶನ್, ಚಿಕ್ಕದಾಗಿ ಎ.ಎಫ್. ಎನ್ನುತ್ತಾರೆ. ಲಯ ತಪ್ಪುವ ಕಾಯಿಲೆಗಳು ಹಲವು ಇದ್ದರೂ ಇದು ಹೆಚ್ಚು ಜನರಲ್ಲಿ ಕಾಣುವಂಥದ್ದು. ಸರಿಯಾಗಿ ಹಿಂಡದ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಹೋಗಿ ಸಿಕ್ಕಿಕೊಂಡರೆ ಲಕ್ವ ಹೊಡೆಯುತ್ತದೆ. ಕೆಲವರಿಗೆ ಎದೆ ಡವಡವ ಅನ್ನುವುದೂ ಗೊತ್ತಾಗುವುದಿಲ್ಲ. ಬರೀ ಸುಸ್ತು, ದಮ್ಮು ಇರುತ್ತದೆ.

ಇದು ಬರೀ ವಯಸ್ಸಾದವರ ಕಾಯಿಲೆ ಅಲ್ಲ. ಸಣ್ಣವರಿದ್ದಾಗ ಗಂಟಲು ನೋವು ಬಂದು, ಸರಿಯಾಗಿ ಔಷಧ ಆಗದೆ, ಕೀಲು ಬಾವು ಮತ್ತು ಜ್ವರ ಬಂದು ಹೃದಯದ ಕವಾಟ ಕೆಡುವುದುಂಟು. ಇದನ್ನು ರುಮ್ಯಾಟಿಕ್ ಹೃದ್ರೋಗ ಎನ್ನುತ್ತಾರೆ. ಶ್ರೀಮಂತ ದೇಶಗಳಲ್ಲಿ ಇದು ಈಗ ಅಪರೂಪ, ನಮ್ಮ ದೇಶದಲ್ಲಿ ಇನ್ನೂ ಇದೆ, ಹೆಣ್ಣುಮಕ್ಕಳಲ್ಲಿ ಹೆಚ್ಚು. ಮೂವತ್ತು ನಲವತ್ತರ ವಯಸ್ಸಿಗೇ ಲಯ ತಪ್ಪಿದ ಹೆಣ್ಣುಮಗಳನ್ನು ಕಂಡರೆ ಡಾಕ್ಟರು ಮೊದಲು ಕವಾಟವನ್ನೇ ನೋಡುತ್ತಾರೆ.

ತೂಕ ಹೆಚ್ಚಾದರೆ

ಮೈಯಲ್ಲಿ ಕೊಬ್ಬು ಹೆಚ್ಚಾದಾಗ ಹೃದಯದ ಸುತ್ತಲೂ ಕೊಬ್ಬು ಕೂರುತ್ತದೆ. ಬಿ.ಪಿ. ಏರುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ, ರಾತ್ರಿ ಗೊರಕೆ ಹೊಡೆಯುವಾಗ ಉಸಿರು ನಿಂತು ನಿಂತು ಬರುತ್ತದೆ. ಇವೆಲ್ಲ ಸೇರಿ ಮೇಲಿನ ಕೋಣೆಗಳು ಹಿಗ್ಗುತ್ತವೆ. ಹಿಗ್ಗಿದ ಕೋಣೆ ನಡುಗಲು ಶುರುಮಾಡುತ್ತದೆ.

ಹಾಗಾದರೆ ತೂಕ ಇಳಿಸಿದರೆ ಲಯ ಮರಳುತ್ತದೆಯೇ? ಆಸ್ಟ್ರೇಲಿಯಾದ ಅಡಿಲೇಡ್ ನಗರದಲ್ಲಿ ಡಾ. ರಾಜೀವ್ ಪಾಠಕ್, ಡಾ. ಪ್ರಶಾಂತನ್ ಸ್ಯಾಂಡರ್ಸ್ ಮತ್ತು ಸಂಗಡಿಗರು ಎ.ಎಫ್. ಇದ್ದ 355 ದಪ್ಪ ಮೈಯವರನ್ನು ಹಲವು ವರ್ಷ ನೋಡಿ 2015ರಲ್ಲಿ ಲೆಕ್ಕ ಪ್ರಕಟಿಸಿದರು. ತಮ್ಮ ತೂಕದಲ್ಲಿ ಹತ್ತರಲ್ಲಿ ಒಂದು ಪಾಲು ಅಥವಾ ಇನ್ನೂ ಹೆಚ್ಚು ಇಳಿಸಿದವರಲ್ಲಿ 100ಕ್ಕೆ ಸುಮಾರು 45 ಜನ, ಲಯದ ಗುಳಿಗೆಯಾಗಲಿ ಬೇರೆ ಚಿಕಿತ್ಸೆಯಾಗಲಿ ಇಲ್ಲದೆ ಲಯ ತಪ್ಪದೆ ಉಳಿದರು. ತೂಕ ಇಳಿಸದೇ ಇದ್ದವರಲ್ಲಿ, ಅಥವಾ ನೆಪಕ್ಕೆ ಇಳಿಸಿದವರಲ್ಲಿ, ಹಾಗೆ ಉಳಿದವರು 100ಕ್ಕೆ ಸುಮಾರು 13 ಮಾತ್ರ. ಇನ್ನೊಂದು ಮಾತನ್ನೂ ಅವರು ಕಂಡರು. ಒಂದು ವರ್ಷ ಇಳಿಸಿ ಮರುವರ್ಷ ಏರಿಸಿಕೊಂಡವರಿಗೆ ಸಿಕ್ಕ ಲಾಭ ಬಹಳಷ್ಟು ಕೈತಪ್ಪಿತು. 70 ಕಿಲೋ ಇರುವ ಅಕ್ಕನಿಗೆ ಹತ್ತರಲ್ಲಿ ಒಂದು ಪಾಲು ಎಂದರೆ 7 ಕಿಲೋ. ವಾರಕ್ಕೆ ಅರ್ಧ ಕಿಲೋಗಿಂತ ಅವಸರ ಬೇಡ.

“ನಾವು ಹೊಲದಾಗ ದುಡಿಯೋರು, ನಮಗ್ಯಾಕ್ರಿ ವಾಕಿಂಗ್?” ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಕಳೆ, ಕೊಯ್ಲು ಮುಗಿದ ಮೇಲೆ ತಿಂಗಳುಗಟ್ಟಲೆ ಕೂತೇ ಇರುತ್ತೇವೆ, ಊಟ ಮಾತ್ರ ಸುಗ್ಗಿಯಲ್ಲಿ ಉಂಡಷ್ಟೇ. ಜೋಳದ ರೊಟ್ಟಿಯನ್ನು ಯಾರೂ ದೂರಬೇಕಾಗಿಲ್ಲ. ತೂಕ ಏರಿಸುವುದು ದಿನಕ್ಕೆ ನಾಲ್ಕೈದು ಸಲ ಕುಡಿಯುವ ಸಕ್ಕರೆ ಚಹಾ, ಸಂಜೆಯ ಮಿರ್ಚಿ ಭಜಿ, ಎಣ್ಣೆಗಾಯಿಯಲ್ಲಿ ತೇಲುವ ಎಣ್ಣೆ. ಡಾಕ್ಟರು ಬೇಡ ಎನ್ನದಿದ್ದರೆ ದಿನಕ್ಕೆ ಅರ್ಧ ತಾಸು ನಡೆಯಿರಿ, ವಾರಕ್ಕೆ ಐದು ದಿನ ಆದರೂ ಸಾಕು.

ತೂಕ ಕಡಿಮೆಯಾದರೆ

ಇದನ್ನು ಓದಿ “ನಾನು ತೆಳ್ಳಗದೀನಿ, ನನಗೇನು ಚಿಂತಿ ಇಲ್ಲ” ಎಂದುಕೊಳ್ಳಬೇಡಿ. ಜಪಾನಿನ ಕ್ಯೋಟೋ ನಗರದ ಫುಶಿಮಿ ಎಂಬಲ್ಲಿ ಎ.ಎಫ್. ಇರುವವರ ದೊಡ್ಡ ಪಟ್ಟಿಯೊಂದನ್ನು ಇಟ್ಟಿದ್ದಾರೆ. ಅದರ ಪ್ರಕಾರ 50 ಕಿಲೋ ಮತ್ತು ಅದಕ್ಕಿಂತ ಕಡಿಮೆ ತೂಕದವರಲ್ಲಿ ಲಕ್ವವೂ ಸಾವೂ ಹೆಚ್ಚು. ಅವರಲ್ಲಿ ವಯಸ್ಸಾದವರು, ಬೇರೆ ಕಾಯಿಲೆಯವರು ಜಾಸ್ತಿ ಇದ್ದರು ಎನ್ನುವುದನ್ನೂ ಹೇಳಬೇಕು. ಗಿಡ್ಡ ಇರುವ ನಮ್ಮ ಎಷ್ಟೋ ಅಕ್ಕಂದಿರಿಗೆ 48 ಕಿಲೋ ಸರಿಯಾದ ತೂಕವೇ, ಅವರು ಹೆದರಬೇಕಿಲ್ಲ. ಎತ್ತರ ನೋಡಿ ಲೆಕ್ಕ ಹಾಕಬೇಕು. ಐದು ಅಡಿ ಎತ್ತರದ ಹೆಂಗಸಿಗೆ ಸುಮಾರು 43ರಿಂದ 53 ಕಿಲೋ ಸರಿ. 58 ದಾಟಿದರೆ ನಮ್ಮ ದೇಶದವರ ಮೈಗೆ ಅದು ಬೊಜ್ಜೇ. 43ಕ್ಕಿಂತ ಕಡಿಮೆ ಇದ್ದರೆ ತೂಕ ಸಾಲದು. ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಮೀರಬಾರದು. ಬ್ಲೌಸ್ ಹೊಲಿಯುವವರ ಟೇಪಿನಲ್ಲೇ ಅಳೆಯಬಹುದು.

2019ರಲ್ಲಿ ಕರ್ನಾಟಕದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 100 ಹೆಂಗಸರಲ್ಲಿ ಸುಮಾರು 30 ಮಂದಿ ಹೆಚ್ಚು ತೂಕದವರು, ಸುಮಾರು 17 ಮಂದಿ ಕಡಿಮೆ ತೂಕದವರು. ಇಬ್ಬರೂ ಒಂದೇ ಸಂಘದಲ್ಲಿ ಪಕ್ಕಪಕ್ಕ ಕೂತಿರುತ್ತಾರೆ. ಒಬ್ಬರಿಗೆ ಹೇಳಿದ ಪಥ್ಯ ಇನ್ನೊಬ್ಬರಿಗೆ ಆಗುವುದಿಲ್ಲ.

ಇಲ್ಲೊಂದು ತಪ್ಪು ತಿಳುವಳಿಕೆಗೂ ದಾರಿ ಇದೆ. ಎ.ಎಫ್. ಬಂದ ಮೇಲೆ ಸ್ವಲ್ಪ ದಪ್ಪ ಇದ್ದವರೇ ತೆಳ್ಳಗಿನವರಿಗಿಂತ ಹೆಚ್ಚು ಕಾಲ ಬದುಕಿದರು ಎಂದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. “ಹಂಗಾದ್ರ ದಪ್ಪ ಇರೂದ ಚಲೋ ಅಲ್ರಿ?” ಎಂದರೆ, ಅಲ್ಲ. ಹೃದಯ ಸೋತಾಗ, ಕ್ಷಯ ಅಥವಾ ಬೇರೆ ದೊಡ್ಡ ಕಾಯಿಲೆ ಇದ್ದಾಗ ಮೈ ಮೊದಲೇ ಸೊರಗಿರುತ್ತದೆ. ಸಾವಿಗೆ ಕಾರಣ ಆ ಕಾಯಿಲೆ. ತೆಳ್ಳಗಾಗಿದ್ದು ಅದರ ಗುರುತು. ಇದನ್ನೇ ನೆವ ಮಾಡಿಕೊಂಡು ಬೊಜ್ಜು ಬೆಳೆಸುವುದು ನಮ್ಮ ಮಟ್ಟಿಗೆ ಜಾಣತನ ಅಲ್ಲ.

ಕಡಿಮೆ ತೂಕದ ಅಕ್ಕ ತಂಗಿಯರು ಗಂಡ ಮಕ್ಕಳದೆಲ್ಲ ಆದ ಮೇಲೆ ಬುಟ್ಟಿಯ ತಳದಲ್ಲಿ ಉಳಿದದ್ದನ್ನು ಉಣ್ಣುವುದು ಬಿಡಬೇಕು. ಹೆಸರುಕಾಳು, ಮಡಕಿಕಾಳು, ಅಲಸಂದಿ, ಶೇಂಗಾ, ಹಾಲು, ಆಗುವವರಿಗೆ ತತ್ತಿ, ಇವು ಅವರ ಪಾಲಿಗೂ ಬರಬೇಕು.

ತೂಕ ತಾನಾಗಿಯೇ ಬದಲಾದರೆ

ನಾವು ಇಳಿಸದೆ ಇಳಿದ ತೂಕ, ನಾವು ಉಣ್ಣದೆ ಏರಿದ ತೂಕ, ಎರಡೂ ಡಾಕ್ಟರಿಗೆ ಹೇಳಬೇಕಾದ ಸುದ್ದಿ.

ಚೆನ್ನಾಗಿ ಉಂಡರೂ ಮೈ ಇಳಿಯುತ್ತಿದೆ, ಕೈ ನಡುಗುತ್ತದೆ, ಬೆವರು ಜಾಸ್ತಿ, ಎದೆ ಓಡುತ್ತದೆ ಎಂದರೆ ಥೈರಾಯಿಡ್ ಹೆಚ್ಚಾಗಿರಬಹುದು. ಹೆಂಗಸರಲ್ಲಿ ಇದು ಜಾಸ್ತಿ, ಇದರಿಂದಲೂ ಲಯ ತಪ್ಪುತ್ತದೆ. ಒಂದು ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ. “ಸಣ್ಣಗಾಗೀರಿ, ಚಲೋ ಕಾಣ್ತೀರಿ” ಎಂದು ಹೊಗಳುವ ಮೊದಲು ಯಾಕೆ ಸಣ್ಣಗಾದರು ಎಂದು ಕೇಳಿ.

ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿತು, ಕಾಲು ಒತ್ತಿದರೆ ಗುಳಿ ಬೀಳುತ್ತದೆ, ಅಂಗಾತ ಮಲಗಿದರೆ ದಮ್ಮು ಬರುತ್ತದೆ ಎಂದರೆ ಅದು ಕೊಬ್ಬಲ್ಲ, ನೀರು. ಹೃದಯ ಸೋಲುತ್ತಿದೆ. ಅಂಥವರು ಊಟ ಬಿಟ್ಟರೆ ಆ ತೂಕ ಇಳಿಯುವುದಿಲ್ಲ, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಇಂಥವರಿಗೆ ಉಪ್ಪಿನಕಾಯಿ, ಹಪ್ಪಳ ಶತ್ರು. ಎಲ್ಲ ಅಡುಗೆ ಸೇರಿ ದಿನಕ್ಕೆ ಒಂದು ಚಹಾ ಚಮಚ ಉಪ್ಪಿನೊಳಗೇ ಇರಬೇಕು.

ಗುಳಿಗೆ ಮತ್ತು ಉಪವಾಸ

ಹೆಪ್ಪು ತಡೆಯಲು ವಾರ್ಫರಿನ್ ಅಥವಾ ಅಸಿಟ್ರಾಮ್ ಕೊಟ್ಟಿರುತ್ತಾರೆ. ಹೊಸ ದುಬಾರಿ ಗುಳಿಗೆಗಳೂ ಇವೆ. ಆದರೆ ರುಮ್ಯಾಟಿಕ್ ಕವಾಟದ ಕಾಯಿಲೆಯವರಿಗೆ ಹಳೆಯ ಗುಳಿಗೆಯೇ ಮೇಲು ಎಂದು ಭಾರತವೂ ಸೇರಿ 24 ದೇಶಗಳಲ್ಲಿ ನಡೆದ ಪರೀಕ್ಷೆ 2022ರಲ್ಲಿ ತೋರಿಸಿತು. ಈ ಹಳೆಯ ಗುಳಿಗೆಗೆ ಐ.ಎನ್.ಆರ್. ಎಂಬ ರಕ್ತ ಪರೀಕ್ಷೆ ಆಗಾಗ ಮಾಡಿಸಬೇಕು. ಸಾಮಾನ್ಯವಾಗಿ ಅದು 2ರಿಂದ 3ರ ನಡುವೆ ಇರಬೇಕು. ತೂಕ ಇಳಿಸಲೆಂದು ಒಮ್ಮೆಲೇ ಊಟ ಬಿಟ್ಟರೆ, ಅಥವಾ ಒಂದು ವಾರ ಬರೀ ಪಾಲಕ, ಮೆಂತ್ಯೆ ಪಲ್ಯ ತಿಂದು ಮರುವಾರ ಮುಟ್ಟದಿದ್ದರೆ, ಲೆಕ್ಕ ತಪ್ಪುತ್ತದೆ. ಊಟ ಕಡಿಮೆಯಾದಾಗ ರಕ್ತ ಸೋರಬಹುದು. ಸೊಪ್ಪು ಹೆಚ್ಚಾದಾಗ ಹೆಪ್ಪುಗಟ್ಟಬಹುದು. ಪಲ್ಯ ಬಿಡಬೇಡಿ, ದಿನಾ ಒಂದೇ ಅಳತೆಯಲ್ಲಿ ತಿನ್ನಿ. ವಾರ್ಫರಿನ್ ತೆಗೆದುಕೊಳ್ಳುವಾಗ ಬಸುರಾದರೆ, ಆಗುವ ಯೋಚನೆ ಇದ್ದರೂ, ಡಾಕ್ಟರಿಗೆ ಮೊದಲೇ ಹೇಳಿ. ಹೊಟ್ಟೆಯ ಕೂಸಿಗೆ ಅದು ತೊಂದರೆ ಮಾಡಬಹುದು.

ಶ್ರಾವಣ ಸೋಮವಾರ, ರಂಜಾನ್ ರೋಜಾ, ತಪಸ್ಸು ಕಾಲದ ಉಪವಾಸ, ನಮ್ಮ ಸಂಘಗಳಲ್ಲಿ ಎಲ್ಲವೂ ಇವೆ. ಉಪವಾಸ ಎಂದು ಗುಳಿಗೆ ಬಿಡುವುದು ಅಪಾಯ. ಧರ್ಮಸಭೆಯ ನಿಯಮದಲ್ಲಿ ಕಾಯಿಲೆಯವರಿಗೆ ಉಪವಾಸದ ಕಡ್ಡಾಯ ಇಲ್ಲ, ಇಸ್ಲಾಮಿನಲ್ಲೂ ಹಾಗೆಯೇ. ಸೋಮವಾರ ಹಿಡಿಯುವ ಅಕ್ಕಂದಿರು ಡಾಕ್ಟರನ್ನು ಕೇಳಿ ಮಾಡಲಿ.

ಸಂಘದಲ್ಲಿ ಮಾಡುವುದೇನು?

ಉಳಿತಾಯದ ಪುಸ್ತಕದ ಕೊನೆಯ ಹಾಳೆಯಲ್ಲಿ, ಒಪ್ಪಿದವರ ತೂಕವನ್ನು ತಿಂಗಳಿಗೊಮ್ಮೆ ಬರೆಯೋಣ. ಒಂದೇ ತಕ್ಕಡಿ ಇರಲಿ, ಅಂಗನವಾಡಿಯದ್ದು ಅಥವಾ ಉಪಕೇಂದ್ರದ್ದು. ಹೃದಯದ ಔಷಧ ತೆಗೆದುಕೊಳ್ಳುವವರು ಮನೆಯಲ್ಲಿ ತಕ್ಕಡಿ ಇದ್ದರೆ ಮುಂಜಾನೆ ಉಣ್ಣುವ ಮೊದಲು ದಿನಾ ನೋಡಲಿ. ಯಾರ ತೂಕವನ್ನೂ ಜೋರಾಗಿ ಓದಿ ನಗುವಂತಿಲ್ಲ. ಸಾಲದ ಲೆಕ್ಕವನ್ನು ಹೇಗೆ ಮರ್ಯಾದೆಯಿಂದ ಇಡುತ್ತೇವೋ ಇದೂ ಹಾಗೆ.

ನಾಡಿ ನೋಡುವುದನ್ನೂ ಕಲಿಯೋಣ. ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು ಒಂದು ನಿಮಿಷ ಎಣಿಸಿ. ಸುಮ್ಮನೆ ಕೂತಾಗ 60ರಿಂದ 100 ಇರುವುದು ಸಾಮಾನ್ಯ. ಎಣಿಕೆಗಿಂತ ಲಯ ಮುಖ್ಯ. ಎಣಿಸಲಿಕ್ಕೇ ಆಗದಷ್ಟು ಅಡ್ಡಾದಿಡ್ಡಿ ಇದ್ದರೆ ಗದಗಿನ ಜಿಮ್ಸ್ ಆಸ್ಪತ್ರೆಯಲ್ಲಿ ಇ.ಸಿ.ಜಿ. ಮಾಡಿಸಿ. ಮುಂದಿನ ತಪಾಸಣೆಗೆ ಬೇರೆ ಕಡೆ ಕಳಿಸಿದರೆ ಖರ್ಚಿಗೆ ಹೆದರಿ ಕೂರಬೇಡಿ, ಬಿ.ಪಿ.ಎಲ್. ಕಾರ್ಡಿನವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಬಗ್ಗೆ ಅಲ್ಲಿಯೇ ವಿಚಾರಿಸಿ.

ಬಾಯಿ ಸೊಟ್ಟಗಾದರೆ, ಒಂದು ಕೈ ಬಿದ್ದುಹೋದರೆ, ಮಾತು ತೊದಲಿದರೆ ಆ ಕ್ಷಣವೇ 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ನಾಲ್ಕೂವರೆ ತಾಸೊಳಗೆ ಮಾತ್ರ ಸಾಧ್ಯ. ಯಾವಾಗ ಶುರುವಾಯಿತು, ಯಾವ ಗುಳಿಗೆ ತೆಗೆದುಕೊಳ್ಳುತ್ತಾರೆ, ತೂಕ ಎಷ್ಟು ಎಂದು ಡಾಕ್ಟರು ಕೇಳುತ್ತಾರೆ. ಆ ಇಂಜೆಕ್ಷನ್ನಿನ ಅಳತೆ ತೂಕದ ಮೇಲೆಯೇ ಇದೆ.

ಸಭೆಯಲ್ಲಿ ಮಾತಾಡಲು: ನಮ್ಮ ಸಂಘದಲ್ಲಿ ಹೃದಯದ ಗುಳಿಗೆ ತೆಗೆದುಕೊಳ್ಳುವವರು ಎಷ್ಟು ಮಂದಿ? ಕಳೆದ ಒಂದು ವರ್ಷದಲ್ಲಿ ಯಾರ ತೂಕ ಕಾರಣವಿಲ್ಲದೆ ಇಳಿದಿದೆ? ನಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು, ಅವರ ತಾಟಿನಲ್ಲಿ ಏನಿರುತ್ತದೆ?