ಹೊಟ್ಟೆಯ ಆಪರೇಷನ್ ನಂತರದ ನೋವು: ಹಲ್ಲು ಕಚ್ಚಿ ಸಹಿಸಬೇಕಾಗಿಲ್ಲ



ಅಪೆಂಡಿಕ್ಸ್, ಹರ್ನಿಯಾ, ಗರ್ಭಕೋಶ, ಸಿಸೇರಿಯನ್ ಆಪರೇಷನ್ ಎಂದರೆ ಮಸಿನಗುಡಿಯ ನಾವು ಗೂಡಲೂರು, ಊಟಿ ಇಲ್ಲವೇ ಮೈಸೂರಿಗೆ ಹೋಗುತ್ತೇವೆ. ಅಲ್ಲಿ ನಮ್ಮವರು, ಅದರಲ್ಲೂ ತಾಯಂದಿರು, ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇದರಿಂದ ಅಪಾಯವುಂಟು. ನೋವಿದ್ದರೆ ಆಳವಾಗಿ ಉಸಿರೆಳೆಯಲು, ಕೆಮ್ಮಲು ಆಗದು. ಕಫ ಉಳಿದು ನ್ಯುಮೋನಿಯಾ ಬರಬಹುದು. ಎದ್ದು ನಡೆಯದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು.

ನೋವನ್ನು ತಡೆಯುವ ಒಂದು ವಿಧಾನ ‘ಟ್ಯಾಪ್ ಬ್ಲಾಕ್’. ಹೊಟ್ಟೆಯ ಗೋಡೆಯ ನರಗಳು ಬೆನ್ನುಹುರಿಯಿಂದ ಹೊರಟು, ಪಕ್ಕೆಯಲ್ಲಿ ಎರಡು ಸ್ನಾಯು ಪದರಗಳ ನಡುವೆ ಹಾದು ಮುಂದಕ್ಕೆ ಬರುತ್ತವೆ. ಆ ಪದರಗಳ ನಡುವೆ ಬುಪಿವಕೇನ್‌ನಂಥ ಮರಗಟ್ಟಿಸುವ ಔಷಧಿಯನ್ನು ಸೂಜಿಯಿಂದ ತುಂಬಿದರೆ, ಕಾಲುವೆಗೆ ಒಡ್ಡು ಕಟ್ಟಿದ ಹಾಗೆ ನೋವು ಅಲ್ಲೇ ನಿಲ್ಲುತ್ತದೆ. ಡಾ. ರಫಿ ಎಂಬುವರು 2001ರಲ್ಲಿ ಇದನ್ನು ವಿವರಿಸಿದರು. 2007ರಿಂದೀಚೆಗೆ ಸ್ಕ್ಯಾನ್ ಯಂತ್ರದಲ್ಲಿ ಪದರಗಳನ್ನು ನೋಡುತ್ತಲೇ ಸೂಜಿ ಹಾಕುವ ಕ್ರಮ ಬಂತು. ಮೇಲ್ಹೊಟ್ಟೆಯ ದೊಡ್ಡ ಆಪರೇಷನ್‌ಗೆ ಬೆನ್ನಿನಲ್ಲಿ ಸಣ್ಣ ಕೊಳವೆ ಇಟ್ಟು ಔಷಧಿ ಕೊಡುವ ‘ಎಪಿಡ್ಯೂರಲ್’ ಕೂಡ ಉಂಟು.

ಟ್ಯಾಪ್ ಬ್ಲಾಕ್‌ನ ಪರಿಣಾಮ ಸಾಮಾನ್ಯವಾಗಿ ಅರ್ಧ ದಿನ, ಕೆಲವರಿಗೆ ಇನ್ನೂ ಹೆಚ್ಚು ಹೊತ್ತು ಇರುತ್ತದೆ. ಗಾಯದ ನೋವು ಇಳಿದರೂ ಒಳಗಿನ ಅಂಗಗಳ ನೋವು ಪೂರ್ತಿ ಹೋಗದು. ಆದ್ದರಿಂದ ಡಾಕ್ಟರು ಹೇಳಿದ ಮಾತ್ರೆಗಳನ್ನು ಮರಗಟ್ಟುವಿಕೆ ಇಳಿಯುವ ಮುಂಚೆಯೇ ತೆಗೆದುಕೊಳ್ಳಬೇಕು.

ನಾವು ನೆನಪಿಡಬೇಕಾದವು:

1. ಆಪರೇಷನ್‌ಗೆ ಮುಂಚೆ ಅರಿವಳಿಕೆ ಡಾಕ್ಟರನ್ನು, “ನನಗೆ ನರದ ಬ್ಲಾಕ್ ಕೊಡಬಹುದೇ?” ಎಂದು ಕೇಳಿ.

2. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ, ಹಲ್ಲು ಕೀಳುವಾಗ ಕೊಟ್ಟ ಇಂಜೆಕ್ಷನ್ ಒಗ್ಗದಿದ್ದರೆ ಮರೆಮಾಚದೆ ತಿಳಿಸಿ.

3. ಸೂಜಿ ಕೊಟ್ಟ ಮೇಲೆ ತುಟಿ ಜೋಮು ಹಿಡಿದರೆ, ಕಿವಿಯಲ್ಲಿ ಗುಂಯ್‌ಗುಟ್ಟಿದರೆ, ಬಾಯಿಗೆ ಲೋಹದ ರುಚಿ ಬಂದರೆ ಕೂಡಲೇ ನರ್ಸಮ್ಮನವರನ್ನು ಕರೆಯಿರಿ.

4. ಮರಗಟ್ಟಿದ ಜಾಗಕ್ಕೆ ಬಿಸಿನೀರಿನ ಶಾಖ ಬೇಡ, ಸುಟ್ಟರೂ ತಿಳಿಯದು.

5. ಕೆಮ್ಮುವಾಗ, ಊಟಿಯಿಂದ ಕಲ್ಲಟ್ಟಿ ಘಾಟಿಯ 36 ತಿರುವುಗಳಲ್ಲಿ ಇಳಿದು ಬರುವಾಗ, ಹೊಟ್ಟೆಗೆ ದಿಂಬು ಒತ್ತಿ ಹಿಡಿಯಿರಿ.

ನೋವನ್ನು ದೇವರಿಗೆ ಒಪ್ಪಿಸಬೇಕಲ್ಲವೇ ಎಂದು ಕೆಲವರು ಕೇಳುತ್ತಾರೆ. 1957ರ ಫೆಬ್ರವರಿ 24ರಂದು ಜಗದ್ಗುರು ಹನ್ನೆರಡನೇ ಪಿಯುಸರು ಅರಿವಳಿಕೆ ವೈದ್ಯರಿಗೆ ಇದನ್ನೇ ವಿವರಿಸಿ, ನೋವು ನೀಗುವ ಔಷಧಿ ಪಡೆಯುವುದು ಕ್ರೈಸ್ತರಿಗೆ ತಪ್ಪಲ್ಲ ಎಂದರು. ಆದ್ದರಿಂದ ನೋವಿದ್ದರೆ ಸಂಕೋಚಪಡದೆ ಹೇಳೋಣ; ಬೇಗ ಎದ್ದು ಮನೆ, ತೋಟ, ದನಕರುಗಳ ಬಳಿಗೆ ಮರಳೋಣ.